ಬೀರುವಿನ ಬೀಗ ತೆಗೆದಾಗ

ಸಂಜೆ ನಾಲ್ಕೂವರೆಯ ಸಮಯ. ಶಾಲೆಯ ಕಡೆಯ ಗಂಟೆ ಬಾರಿಸುತ್ತಲೇ ಮಕ್ಕಳ ದಂಡು ಬೀದಿಗಿಳಿಯುತ್ತದೆ. ಕೆಲವರು ಮನೆಯ ದಾರಿ ಹಿಡಿಯುತ್ತಾರೆ, ಕೆಲವರು ಬಯಲಿನತ್ತ ಧಾವಿಸುತ್ತಾರೆ. ಆದರೆ ಬೆನ್ನಿನ ಚೀಲವನ್ನೂ ಇಳಿಸದೆ ಗ್ರಾಮ ಪಂಚಾಯಿತಿಯ ಗ್ರಂಥಾಲಯದ ಕಡೆಗೆ ಓಡುವ ಹುಡುಗ ಹುಡುಗಿಯರೂ ಈಗ ಉಂಟು. ಬಾಗಿಲ ಹೊರಗೆ ಪುಟ್ಟ ಚಪ್ಪಲಿಗಳ ರಾಶಿ. ಒಳಗೆ ಚಾಪೆಯ ಮೇಲೆ ಮಂಡಿಗೆ ಮಂಡಿ ತಾಗಿಸಿ ಕುಳಿತ ಕೇಳುಗರು. ಅವರ ನಡುವೆ ಪುಸ್ತಕವೊಂದನ್ನು ಬಿಡಿಸಿ ಹಿಡಿದು, ನರಿಗೆ ನರಿಯ ಧ್ವನಿ, ಮೊಸಳೆಗೆ ಮೊಸಳೆಯ ಧ್ವನಿ ಕೊಟ್ಟು ಕಥೆ ಓದುವ ಮೇಲ್ವಿಚಾರಕರು. ಪ್ರವೇಶಧನವಿಲ್ಲ, ಚಂದಾ ಇಲ್ಲ, ಚೀಟಿಯೂ ಇಲ್ಲ.

ಹರಿಹರ ತಾಲ್ಲೂಕಿನ ಭಾನುವಳ್ಳಿಯಾಗಲಿ, ಅದರ ಸುತ್ತಣ ಊರುಗಳಾಗಲಿ, ಕರ್ನಾಟಕದ ಇನ್ನಾವ ಮೂಲೆಯ ಹಳ್ಳಿಯಾಗಲಿ, ಗ್ರಂಥಾಲಯವುಳ್ಳ ಪಂಚಾಯಿತಿಗಳಲ್ಲಿ ಇಂಥ ಸಂಜೆಗಳು ಸಾಧ್ಯವಾಗಿ ಬಹಳ ವರ್ಷಗಳೇನೂ ಕಳೆದಿಲ್ಲ. ಹರಿಹರದ ಸೀಮೆ ಭದ್ರಾ ಅಚ್ಚುಕಟ್ಟಿನ ಕೊನೆಯಂಚಿನಲ್ಲಿರತಕ್ಕದ್ದು. ನಾಲೆಯ ಬಾಯಲ್ಲಿರುವವನ ಗದ್ದೆಗೆ ನೀರು ಮೊದಲು; ಕೊನೆಯಂಚಿನವನು ಹಗಲಿರುಳು ಕಾಯಬೇಕು, ತೂಬಿನ ಬಳಿ ಜಗಳವನ್ನೂ ಆಡಬೇಕು. ಪುಸ್ತಕದ ಕಥೆಯೂ ಹಾಗೆಯೇ. ರಾಜಧಾನಿಯಲ್ಲಿ ಹೊರಟ ಪುಸ್ತಕ ಜಿಲ್ಲೆಯ ಊರಿಗೆ ಬಂದು, ಅಲ್ಲಿಂದ ತಾಲ್ಲೂಕಿಗೆ ಇಳಿದು, ಹಳ್ಳಿಯ ಮಗುವಿನ ಕೈ ಸೇರುವ ಹೊತ್ತಿಗೆ ಎಷ್ಟೋ ಸಲ ತೊಟ್ಟಿಕ್ಕುವ ಹನಿಯಾಗಿರುತ್ತಿತ್ತು. ಹಾಗೆ ಬಂದದ್ದೂ ಬೀರುವಿನೊಳಗೆ ಬೀಗ ಹಾಕಿಸಿಕೊಂಡು ಕುಳಿತಿರುತ್ತಿತ್ತು.

ಹಿಂದಿನ ಹಳ್ಳಿಯ ವಾಚನಾಲಯವನ್ನು ಕಂಡವರಿಗೆ ಈ ಬೀರುವಿನ ನೆನಪು ಇದ್ದೇ ಇರುತ್ತದೆ. ಗಾಜಿನ ಬಾಗಿಲು, ಗಾಜಿನ ಹಿಂದೆ ಕೆಂಪು ಕ್ಯಾಲಿಕೋ ರಟ್ಟಿನ ಪುಸ್ತಕಗಳ ಬೆನ್ನು, ಬೀಗದ ಕೈ ಮಾತ್ರ ಇನ್ನೆಲ್ಲೋ. ಮೇಜಿನ ಮೇಲೆ ಎರಡು ದಿನಪತ್ರಿಕೆ, ಒಂದು ವಾರಪತ್ರಿಕೆ. ಬೆಳಿಗ್ಗೆ ನಾಲ್ಕಾರು ಹಿರಿಯರು ಬಂದು ಪತ್ರಿಕೆಯ ಹಾಳೆಗಳನ್ನು ಹಂಚಿಕೊಂಡು ಓದಿ, ಅಡಿಕೆಯ ಧಾರಣೆ, ಭತ್ತದ ಧಾರಣೆ, ಮಂತ್ರಿಮಂಡಲದ ಭವಿಷ್ಯ ಇವುಗಳನ್ನು ಚರ್ಚಿಸಿ ಎದ್ದು ಹೋಗುವರು. ಮಕ್ಕಳು ಹೊಸ್ತಿಲ ಬಳಿ ಇಣುಕಿದರೆ ಗದರಿಕೆ ಕಾದಿರುತ್ತಿತ್ತು. ಹೆಣ್ಣುಮಕ್ಕಳಂತೂ ಆ ಮೆಟ್ಟಿಲು ಹತ್ತಿದ್ದು ಅಪರೂಪ. ಅವರಿಗೆ ಬೇಕಾದದ್ದು ಧಾರಾವಾಹಿಯ ಮುಂದಿನ ಕಂತು. ಅದು ತಮ್ಮನ ಕೈಯಲ್ಲೋ ಮಗನ ಕೈಯಲ್ಲೋ ಮನೆಗೆ ಬಂದರೆ ಬಂತು, ಇಲ್ಲವಾದರೆ ಕಥಾನಾಯಕಿಯ ಗತಿ ಏನಾಯಿತೆಂಬುದು ಗೊತ್ತಾಗದೆಯೇ ಉಳಿಯಿತು. ಪಟ್ಟಣದ ಗೃಹಿಣಿಗೆ ಬಾಡಿಗೆ ಪುಸ್ತಕದ ಸರ್ಕ್ಯುಲೇಟಿಂಗ್ ಲೈಬ್ರರಿಯಾದರೂ ಇತ್ತು. ಹಳ್ಳಿಯ ಸೊಸೆಗೆ ಅದೂ ಇರಲಿಲ್ಲ.

ಚಾವಡಿಯ ಓದು

ಗ್ರಂಥಾಲಯದಲ್ಲಿ ಕಥೆ, ಹಾಡು, ಆಟ, ಉಪನ್ಯಾಸ ಎಂದರೆ ಇದೇನೋ ಪರದೇಶದಿಂದ ತಂದ ಹೊಸ ಬಳ್ಳಿ ಎಂದು ಕೆಲವರು ತಿಳಿಯುವುದುಂಟು. ಅದು ಪೂರ್ತಿ ಸರಿಯಲ್ಲ. ಸುಗ್ಗಿ ಮುಗಿದ ಮೇಲೆ ಊರ ಚಾವಡಿಯಲ್ಲೋ ಗುಡಿಯ ಪ್ರಾಂಗಣದಲ್ಲೋ ದೀಪ ಹಚ್ಚಿಟ್ಟು ಕುಮಾರವ್ಯಾಸನ ಭಾರತವನ್ನೋ ಲಕ್ಷ್ಮೀಶನ ಜೈಮಿನಿಯನ್ನೋ ಓದಿಸುವುದು ಕನ್ನಡ ನಾಡಿನ ಹಳೆಯ ಪರಿಪಾಠ. ಒಬ್ಬರು ರಾಗವಾಗಿ ವಾಚಿಸುವರು, ಇನ್ನೊಬ್ಬರು ಅರ್ಥ ಹೇಳುವರು. ಅಕ್ಷರ ಬಾರದ ಒಕ್ಕಲು ಮಗನೂ ಕರ್ಣನ ಪ್ರಸಂಗಕ್ಕೆ ಕಣ್ಣೀರಿಡುತ್ತಿದ್ದನು. ಇದಕ್ಕೆ ಶುಲ್ಕವಿರಲಿಲ್ಲ. ದೀಪಕ್ಕೆ ಎಣ್ಣೆ ಒಬ್ಬರ ಮನೆಯಿಂದ, ವಾಚಕರಿಗೆ ಊಟ ಮತ್ತೊಬ್ಬರ ಮನೆಯಿಂದ, ಮಂಗಳದ ದಿನ ಊರವರೆಲ್ಲ ಸೇರಿ ಒಂದು ಶಾಲು, ಒಂದು ಚೀಲ ಅಕ್ಕಿ. ಕೇಳಿದವರಿಗೆ ಉಚಿತವೆನಿಸಿದ್ದರ ವೆಚ್ಚವನ್ನು ಊರು ಹಂಚಿಕೊಂಡಿತ್ತು ಎಂಬುದನ್ನು ಮರೆಯಲಾಗದು.

ಪುಸ್ತಕವನ್ನು ಹಳ್ಳಿಗೆ ಹೊತ್ತವರ ಕಥೆಯೂ ಈ ಸೀಮೆಗೆ ಹೊಸದಲ್ಲ. ಹರಿಹರದ ಸೇತುವೆ ದಾಟಿದರೆ ರಾಣೆಬೆನ್ನೂರು, ಅದರಾಚೆ ಹಾವೇರಿ. ರಾಜ್ಯಗಳು ಒಂದಾಗುವ ಮುನ್ನ ಈ ದಡ ಮೈಸೂರು ಸಂಸ್ಥಾನ, ಆ ದಡ ಮುಂಬಯಿ ಪ್ರಾಂತ. ಆ ದಡದ ಗಳಗನಾಥರು ಕಾದಂಬರಿಗಳನ್ನು ಬರೆದು, ಅಚ್ಚು ಹಾಕಿಸಿ, ತಾವೇ ಗಂಟು ಕಟ್ಟಿ ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡ ಓದುವವರೇ ಇಲ್ಲವೆಂದು ಇತರರು ಕೈಚೆಲ್ಲಿ ಕುಳಿತ ಕಾಲದಲ್ಲಿ ಆ ವೃದ್ಧರು ಓದುಗರ ಮನೆಯ ಬಾಗಿಲನ್ನೇ ತಟ್ಟಿದರು. ೧೯೪೨ರಲ್ಲಿ ಅವರು ತೀರಿಕೊಂಡರು. ಅವರ ಪುಸ್ತಕಕ್ಕೆ ಬೆಲೆಯಿತ್ತೆಂಬುದು ನಿಜ. ಆದರೆ ಓದುಗನು ಬರಲೆಂದು ಕಾಯದೆ ಪುಸ್ತಕವೇ ಓದುಗನ ಬಳಿಗೆ ಹೋಗಬೇಕೆಂಬ ಮಾತನ್ನು ಕನ್ನಡಿಗರಿಗೆ ಕಾಲ್ನಡೆಯಲ್ಲಿ ಕಲಿಸಿದವರು ಅವರು.

ಇದೇ ಮಾತನ್ನು ಸರ್ಕಾರದ ಕಡೆಯಿಂದ ಮೊದಲು ಮಾಡಿ ತೋರಿಸಿದ್ದು ಬರೋಡ ಸಂಸ್ಥಾನ. ಮಹಾರಾಜ ಸಯಾಜಿರಾವ್ ಗಾಯಕವಾಡರು ಅಮೆರಿಕದ ಗ್ರಂಥಾಲಯಗಳನ್ನು ಕಂಡು ಮೆಚ್ಚಿ, ೧೯೧೦ರಲ್ಲಿ ವಿಲಿಯಂ ಬೋರ್ಡನ್ ಎಂಬ ಅಮೆರಿಕನ್ ಗ್ರಂಥಪಾಲಕರನ್ನು ಕರೆಸಿಕೊಂಡರು. ಮರದ ಪೆಟ್ಟಿಗೆಗಳಲ್ಲಿ ಪುಸ್ತಕಗಳನ್ನು ತುಂಬಿ ಹಳ್ಳಿಗಳಿಗೆ ಕಳುಹಿಸುವುದು, ಹಿಂದಕ್ಕೆ ತರಿಸಿಕೊಳ್ಳುವುದು ಎಲ್ಲವೂ ಸಂಸ್ಥಾನದ ಖರ್ಚಿನಲ್ಲಿಯೇ ನಡೆಯಿತು. ಅಲ್ಲಿನ ಗ್ರಂಥಾಲಯ ಇಲಾಖೆ ಮಾಯಾದೀಪದ ಚಿತ್ರಗಳನ್ನೂ ಚಲಚ್ಚಿತ್ರಗಳನ್ನೂ ಊರೂರಿಗೆ ಒಯ್ದು ತೋರಿಸಿತು. ಪುಸ್ತಕದ ಇಲಾಖೆಗೆ ಬೊಂಬೆಯಾಟವೇಕೆ ಎಂದು ಹುಬ್ಬೇರಿಸಿದವರು ಅಂದೂ ಇದ್ದಿರಬೇಕು, ಇಂದೂ ಇದ್ದಾರೆ.

ಮೈಸೂರು ಸಂಸ್ಥಾನವೂ ಸುಮ್ಮನಿರಲಿಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಸಾರ್ವಜನಿಕ ಗ್ರಂಥಾಲಯಗಳು ತಲೆಯೆತ್ತಿದವು. ಕಬ್ಬನ್ ಉದ್ಯಾನದ ಹಸುರಿನ ನಡುವೆ ಕೆಂಪಗೆ ಹೊಳೆಯುವ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ ೧೯೧೫ರದು; ರಾಜ್ಯ ಕೇಂದ್ರ ಗ್ರಂಥಾಲಯ ಇರುವುದು ಅಲ್ಲಿಯೇ. ಮುಂದೆ ೧೯೪೦ರ ದಶಕದಲ್ಲಿ ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿಯವರು ಹಳ್ಳಿಗಳಲ್ಲಿ ರಾತ್ರಿಯ ಪಾಠಗಳನ್ನು ನಡೆಸಿ, ಅಕ್ಷರ ಕಲಿತವರು ಅದನ್ನು ಮರೆಯದಿರಲೆಂದು ಪುಟ್ಟ ಗ್ರಂಥಾಲಯಗಳನ್ನೂ ಇಟ್ಟರು. ಹೊಸದಾಗಿ ಓದು ಬಂದವರಿಗಾಗಿ ಅವರು ಹೊರಡಿಸಿದ ವಾರಪತ್ರಿಕೆಯ ಹೆಸರು ‘ಬೆಳಕು’. ಈ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬಹುದು. ಮುಂದೆ ಇನ್ನೊಮ್ಮೆ ಬರುತ್ತದೆ.

ಬೇಸರಪಟ್ಟ ಗಣಿತದ ಮೇಷ್ಟರು

ಭಾರತದ ಗ್ರಂಥಾಲಯಗಳ ಮಾತೆತ್ತಿದರೆ ಶಿಯಾಳಿ ರಾಮಾಮೃತ ರಂಗನಾಥನ್ ಅವರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ೧೮೯೨ರಲ್ಲಿ ಹುಟ್ಟಿದ ಅವರು ಗಣಿತದ ಅಧ್ಯಾಪಕರು. ೧೯೨೪ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೆಲವೇ ದಿನಗಳಲ್ಲಿ ಅವರಿಗೆ ಆ ಹುದ್ದೆ ಸಾಕುಸಾಕಾಯಿತು. ಪಾಠ ಹೇಳಿ, ಹುಡುಗರ ಪ್ರಶ್ನೆಗಳಿಗೆ ಉತ್ತರಿಸಿ ಅಭ್ಯಾಸವಾಗಿದ್ದ ಮನುಷ್ಯನಿಗೆ ಸದ್ದಿಲ್ಲದ ಆ ಕೋಣೆ ಸೆರೆಮನೆಯಂತೆ ತೋರಿತು. ಕಾಲೇಜಿಗೇ ಹಿಂದಿರುಗುವೆನೆಂದು ಹಟ ಹಿಡಿದರು. ಮೊದಲು ಇಂಗ್ಲೆಂಡಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳನ್ನು ನೋಡಿಕೊಂಡು ಬನ್ನಿ, ಆಮೇಲೂ ಬೇಸರವೆನಿಸಿದರೆ ಮರಳಬಹುದು ಎಂದು ಹಿರಿಯರು ಸಮಾಧಾನ ಹೇಳಿ ಕಳುಹಿಸಿದರು.

ಅಲ್ಲಿ ಅವರು ಕಂಡದ್ದು ಬೇರೆಯೇ ಲೋಕ. ಲಂಡನ್ನಿನ ಬಳಿಯ ಕ್ರಾಯ್ಡನ್ ಪಟ್ಟಣದ ಸಾರ್ವಜನಿಕ ಗ್ರಂಥಾಲಯದಲ್ಲಿ ಬರ್ವಿಕ್ ಸೇಯರ್ಸ್ ಎಂಬ ಗ್ರಂಥಪಾಲಕರ ಕೈಕೆಳಗೆ ಅವರು ಕಲಿತರು. ಕೂಲಿಕಾರನೂ ಗುಮಾಸ್ತನೂ ಗೃಹಿಣಿಯೂ ಮಗುವೂ ಒಂದೇ ಬಾಗಿಲಿನಿಂದ ಒಳಬರುವ ಮನೆ ಅದು. ರಂಗನಾಥನ್ ಹಿಂದಿರುಗಿದ ಮೇಲೆ ಕಾಲೇಜಿನ ಮಾತೇ ಎತ್ತಲಿಲ್ಲ. ೧೯೩೧ರಲ್ಲಿ ಪ್ರಕಟಿಸಿದ ತಮ್ಮ ಐದು ಸೂತ್ರಗಳ ಗ್ರಂಥದಲ್ಲಿ, ಪುಸ್ತಕವಿರುವುದು ಕಾವಲಿಗಲ್ಲ, ಬಳಕೆಗೆ ಎಂಬ ಅರ್ಥದ ಮಾತನ್ನು ಮೊದಲ ಸೂತ್ರವಾಗಿ ಇಟ್ಟರು. ಕೇಳಲು ಎಷ್ಟು ಸರಳ! ಆದರೆ ನಮ್ಮ ಊರುಗಳ ಗಾಜಿನ ಬೀರುಗಳು ಈ ಮೊದಲ ಸೂತ್ರದ ಹೊಸ್ತಿಲನ್ನೇ ದಾಟದೆ ಎಷ್ಟೋ ದಶಕ ನಿಂತುಬಿಟ್ಟವು. ಓದು ಬಾರದವರಿಗೆ ಓದಿ ಹೇಳುವುದೂ ಗ್ರಂಥಾಲಯದ ಕರ್ತವ್ಯವೇ ಎಂಬುದು ರಂಗನಾಥನ್ ಅವರ ಅಭಿಮತವಾಗಿತ್ತು. ಅದೇ ೧೯೩೧ರಲ್ಲಿ ತಂಜಾವೂರು ಸೀಮೆಯ ಮನ್ನಾರ್‌ಗುಡಿಯ ಸುತ್ತಮುತ್ತ ಪುಸ್ತಕ ತುಂಬಿದ ಎತ್ತಿನ ಗಾಡಿಯೊಂದು ಹಳ್ಳಿಯಿಂದ ಹಳ್ಳಿಗೆ ಹೊರಟಿತು. ಭಾರತದ ಸಂಚಾರಿ ಗ್ರಂಥಾಲಯಗಳ ಕಥೆ ಹೇಳುವಾಗ ಈ ಗಾಡಿಯ ಹೆಸರು ಮೊದಲು ಬರುವುದುಂಟು.

ರಂಗನಾಥನ್ ತಮ್ಮ ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದರು. ೧೯೬೨ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಕಟ್ಟಿ, ೧೯೭೨ರ ಸೆಪ್ಟೆಂಬರ್ ೨೭ರಂದು ಅಲ್ಲಿಯೇ ಕಣ್ಣುಮುಚ್ಚಿದರು. ಆಗಸ್ಟ್ ೧೨, ಅವರ ಜನ್ಮದಿನವೆಂದು, ಗ್ರಂಥಪಾಲಕರ ದಿನವಾಗಿ ಆಚರಿಸಲ್ಪಡುತ್ತದೆ.

ರೂಪಾಯಿಗೆ ಆರು ಪೈಸೆ

ಅವರು ಬೆಂಗಳೂರಿನಲ್ಲಿದ್ದ ಕಾಲದಲ್ಲಿಯೇ ಮೈಸೂರು ರಾಜ್ಯ ತನ್ನ ಸಾರ್ವಜನಿಕ ಗ್ರಂಥಾಲಯಗಳ ಕಾನೂನನ್ನು ೧೯೬೫ರಲ್ಲಿ ಮಾಡಿತು. ೧೯೬೬ರ ಏಪ್ರಿಲ್ ೧ರಿಂದ ಅದು ಜಾರಿಗೆ ಬಂದಿತು. ಅದೇ ವರ್ಷದ ರಾಜ್ಯೋತ್ಸವದ ದಿನ ಗ್ರಂಥಾಲಯ ಇಲಾಖೆ ಹುಟ್ಟಿತು. ಈ ಕಾನೂನಿನ ಒಂದು ಅಂಶ ಪಟ್ಟಣದ ಪ್ರತಿ ಗೃಹಸ್ಥನಿಗೂ ಸಂಬಂಧಿಸಿದ್ದು. ಮನೆಯ ಕಂದಾಯದ ರಸೀದಿಯನ್ನು ಪೆಟ್ಟಿಗೆಯಿಂದ ತೆಗೆದು ನೋಡಿದರೆ ಗ್ರಂಥಾಲಯ ಕರ ಎಂಬ ಸಾಲು ಕಾಣುತ್ತದೆ: ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈಸೆ. ವರ್ಷಕ್ಕೆ ಐದು ಸಾವಿರ ರೂಪಾಯಿ ಆಸ್ತಿ ತೆರಿಗೆ ಕಟ್ಟುವ ಮನೆಯಾತ ಮುನ್ನೂರು ರೂಪಾಯಿಯನ್ನು ಗ್ರಂಥಾಲಯಕ್ಕೆ ಕೊಡುತ್ತಾನೆ. ಆತ ಆ ಗ್ರಂಥಾಲಯದೊಳಗೆ ಕಾಲಿಟ್ಟನೋ ಇಲ್ಲವೋ ಅದು ಬೇರೆ ಮಾತು. ಸಂಗ್ರಹವಾದ ಕರವನ್ನು ಸ್ಥಳೀಯ ಸಂಸ್ಥೆಗಳು ಸಕಾಲಕ್ಕೆ ಇಲಾಖೆಗೆ ಸಲ್ಲಿಸುವುದಿಲ್ಲವೆಂಬ ದೂರು ಮಾತ್ರ ಬಹುಕಾಲದಿಂದ ಕೇಳಿಬರುತ್ತಿದೆ.

ಅಮೆರಿಕದ ಉಕ್ಕಿನ ಕುಬೇರ ಆಂಡ್ರೂ ಕಾರ್ನೆಗಿ ಲೋಕದ ನಾನಾ ಕಡೆ ಎರಡೂವರೆ ಸಾವಿರ ಗ್ರಂಥಾಲಯಗಳನ್ನು ಕಟ್ಟಲು ಹಣ ಕೊಟ್ಟನಷ್ಟೆ. ಆತನ ಷರತ್ತು ಬಿಗಿಯಾದದ್ದು: ಕಟ್ಟಡ ನನ್ನದು, ಆದರೆ ಅದನ್ನು ನಡೆಸುವ ಹಣವನ್ನು ಊರಿನವರು ಪ್ರತಿವರ್ಷ ತೆರಿಗೆಯಿಂದಲೇ ಎತ್ತಬೇಕು. ದಾನಕ್ಕಿಂತ ಪಾಲುಗಾರಿಕೆ ಗಟ್ಟಿ ಎಂಬುದನ್ನು ಆ ವ್ಯಾಪಾರಿ ಬಲ್ಲವನಾಗಿದ್ದ. ಚಾವಡಿಯ ದೀಪಕ್ಕೆ ಎಣ್ಣೆ ಹೊಯ್ದವರಿಗೂ ಈ ಲೆಕ್ಕ ತಿಳಿದೇ ಇತ್ತು.

ಕಾನೂನು ಬಂದರೂ ಹಳ್ಳಿಯ ಗ್ರಂಥಾಲಯದ ಪಾಡು ಸುಧಾರಿಸಲು ಬಹಳ ಕಾಲ ಹಿಡಿಯಿತು. ಪಂಚಾಯಿತಿ ಮಟ್ಟದ ಗ್ರಂಥಾಲಯಗಳು ಐದೂವರೆ ಸಾವಿರಕ್ಕೂ ಮಿಕ್ಕಿ ಹರಡಿದವು ನಿಜ. ಆದರೆ ಅವು ಇದ್ದದ್ದು ಊರಿನಲ್ಲಿ, ಯಜಮಾನಿಕೆ ದೂರದ ಪಟ್ಟಣದ ಕಚೇರಿಯದು. ಸೋರುವ ಹೆಂಚನ್ನು ಸರಿಪಡಿಸಬೇಕಾದವರು ಯಾರೆಂಬುದೇ ಇತ್ಯರ್ಥವಾಗದೆ ಎಷ್ಟೋ ಮಳೆಗಾಲಗಳು ಪುಸ್ತಕಗಳ ಮೇಲೆ ಸುರಿದವು. ೧೯೯೭ರಲ್ಲಿ ಚಿತ್ರದುರ್ಗದಿಂದ ಬೇರೆಯಾಗಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಹರಿಹರದವರಿಗೆ ಜಿಲ್ಲಾ ಕಚೇರಿ ಹತ್ತಿರವಾಯಿತು. ಹಳ್ಳಿಯ ವಾಚನಾಲಯ ಮಾತ್ರ ಇದ್ದಲ್ಲಿಯೇ ಇತ್ತು.

ಬದಲಾವಣೆ ಬಂದದ್ದು ೨೦೧೯ರಲ್ಲಿ. ಆ ವರ್ಷ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾವಣೆಗೊಂಡವು. ಕಾಗದದ ಮೇಲೆ ಇದು ಕಡತದಿಂದ ಕಡತಕ್ಕೆ ಆದ ಪಯಣ. ಊರಿನಲ್ಲಿ ಇದರ ಅರ್ಥ ಬೇರೆ: ನಲ್ಲಿ ನೀರು ಬಾರದಿದ್ದರೆ ಯಾರ ಬಾಗಿಲಿಗೆ ಹೋಗಿ ಕೇಳುತ್ತಾರೋ, ಪುಸ್ತಕ ಇಲ್ಲದಿದ್ದರೂ ಅದೇ ಬಾಗಿಲಿಗೆ ಹೋಗಿ ಕೇಳಬಹುದಾಯಿತು.

ಶಾಲೆ ಮುಚ್ಚಿದ ವರ್ಷ

ಮರುವರ್ಷವೇ ಕೊರೊನಾ ಮಾರಿ ಎರಗಿತು. ೨೦೨೦ರ ಮಾರ್ಚಿನಲ್ಲಿ ಶಾಲೆಗಳು ಬಾಗಿಲು ಹಾಕಿದವು. ಪಟ್ಟಣದ ಮಧ್ಯಮ ವರ್ಗದ ಮನೆಗಳಲ್ಲಿ ಮಕ್ಕಳು ಮೊಬೈಲ್ ಫೋನಿನ ಮುಂದೆ ಕುಳಿತು ಪಾಠ ಕೇಳಿದರು. ತಾಯಿತಂದೆಯರಿಗೆ ಅದೂ ಒಂದು ಶಿಕ್ಷೆಯೇ ಆಗಿತ್ತು. ಹಳ್ಳಿಯ ಅನೇಕ ಮನೆಗಳಲ್ಲಿ ಫೋನು ಒಂದೇ, ಅದೂ ತಂದೆಯ ಜೊತೆ ಹೊಲಕ್ಕೋ ಕೂಲಿಗೋ ಹೋಗತಕ್ಕದ್ದು. ಎರಡನೆಯ ತರಗತಿಯ ಮಗು ತಿಂಗಳುಗಟ್ಟಲೆ ಅಚ್ಚಿನ ಅಕ್ಷರವನ್ನೇ ಕಾಣದೆ ಉಳಿದರೆ ಕಲಿತ ಕಾಗುಣಿತ ಕರಗಿಹೋಗುತ್ತದೆ. ಹುಡುಗರು ಕುರಿಯ ಹಿಂದೆ, ಹುಡುಗಿಯರು ಒಲೆಯ ಮುಂದೆ. ಕೆಲವು ಮನೆಗಳಲ್ಲಿ ಹುಡುಗಿಯ ಮದುವೆಯ ಮಾತುಕತೆಯೂ ಬೇಗನೆ ಮೊದಲಾಯಿತು.

ಅಂಥ ಸಮಯದಲ್ಲಿ, ೨೦೨೦ರ ನವೆಂಬರಿನಲ್ಲಿ, ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಆರಂಭವಾಯಿತು. ಹಿಂದಿನ ಆ ವಾರಪತ್ರಿಕೆಯ ಹೆಸರಿನೊಡನೆ ಇದಕ್ಕಿರುವ ನಂಟು ಆಕಸ್ಮಿಕವೇ ಇರಬಹುದು. ಆದರೂ ಕೇಳಲು ಹಿತವಾಗಿದೆ. ಆರರಿಂದ ಹದಿನೆಂಟು ವರ್ಷದ ಮಕ್ಕಳು ಪಂಚಾಯಿತಿ ಗ್ರಂಥಾಲಯಕ್ಕೆ ಶುಲ್ಕವಿಲ್ಲದೆ ಸದಸ್ಯರಾಗಬಹುದು, ಪುಸ್ತಕವನ್ನು ಮನೆಗೆ ಒಯ್ಯಬಹುದು ಎಂಬುದು ಅದರ ತಿರುಳು. ಇಷ್ಟೆಯೇ ಎಂದು ಕೇಳಬಹುದು. ಇಷ್ಟೇ. ಆದರೆ ಹೊಸ್ತಿಲಲ್ಲಿ ಗದರಿಸಿಕೊಳ್ಳುತ್ತಿದ್ದ ಮಗು ಅಂದಿನಿಂದ ತನ್ನ ಹೆಸರು ಬರೆದ ಕಾರ್ಡು ಹಿಡಿದು ಒಳಬಂದಿತು. ಲಕ್ಷಗಟ್ಟಲೆ ಮಕ್ಕಳು ಹಾಗೆ ಬಂದರು. ಬೀರುವಿನ ಬೀಗ ತೆಗೆಯಲೇಬೇಕಾಯಿತು. ಬೀರುವಿನ ತುಂಬ ಇದ್ದದ್ದು ದೊಡ್ಡವರ ಪುಸ್ತಕಗಳೆಂದು ಆಗ ಕಂಡುಬಂತು. ಮಕ್ಕಳ ಚಿತ್ರಪುಸ್ತಕಗಳಿಗಾಗಿ ಕರೆ ಹೋಯಿತು, ದಾನಿಗಳು ಕೊಟ್ಟರು, ಪಂಚಾಯಿತಿಗಳು ಕೊಂಡವು. ಗ್ರಂಥಾಲಯಕ್ಕೆ ಬರಲಾಗದವರಿಗೆಂದು ಬಸ್ಸು ನಿಲ್ದಾಣ, ಕಚೇರಿಗಳಂಥ ಸ್ಥಳಗಳಲ್ಲಿ ‘ಪುಸ್ತಕ ಗೂಡು’ ಎಂಬ ಪುಟ್ಟ ಪೆಟ್ಟಿಗೆಗಳು ಬಂದವು: ಬೇಕಾದ್ದನ್ನು ಒಯ್ಯಿರಿ, ಓದಿದ ಮೇಲೆ ಇಡಿರಿ. ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ ಎಂಬ ಹೆಸರೂ ಬಂದಿತು. ಹೆಸರಿಗಿಂತ ಕೋಣೆ ಮುಖ್ಯವೆಂದು ಊರವರು ಈಗಲೂ ಲೈಬ್ರರಿ ಎಂದೇ ಕರೆಯುತ್ತಾರೆ.

ಈ ಕೋಣೆಗಳಲ್ಲಿ ನಡೆಯತಕ್ಕ ಕಾರ್ಯಗಳು ಊರಿಂದೂರಿಗೆ ಬೇರೆ. ಗಟ್ಟಿ ಓದು ಅವುಗಳಲ್ಲಿ ಮೊದಲನೆಯದು. ಓದಲು ತಡವರಿಸುವ ಮಗು ಗೆಳೆಯರ ಮುಂದೆ ಮೂರು ಸಾಲು ಗಟ್ಟಿಯಾಗಿ ಓದಿ ಮುಗಿಸಿ ಬೆವರೊರೆಸಿಕೊಳ್ಳುವುದನ್ನು ಕಂಡವರಿಗೆ ಇದರ ಬೆಲೆ ತಿಳಿಯುತ್ತದೆ. ಶಾಲೆಯಲ್ಲಿ ತಪ್ಪಿದರೆ ಅಂಕ ಹೋಗುತ್ತದೆ. ಇಲ್ಲಿ ತಪ್ಪಿದರೆ ಪಕ್ಕದವನು ಕಿವಿಯಲ್ಲಿ ಹೇಳಿಕೊಡುತ್ತಾನೆ. ಕಥೆ ಕೇಳುವುದು, ಚಿತ್ರ ಬರೆಯುವುದು, ರಸಪ್ರಶ್ನೆ, ಚದುರಂಗ, ಲೋಟ ನೀರುಗಳಲ್ಲಿ ಮಾಡಿ ತೋರಿಸುವ ಸಣ್ಣ ವಿಜ್ಞಾನ ಪ್ರಯೋಗ, ಬೇಸಗೆಯ ಶಿಬಿರ. ಕಂಪ್ಯೂಟರ್ ಬಂದಿರುವ ಕಡೆ ಅದರ ಸುತ್ತ ಸದಾ ಗುಂಪು. ಪೊಲೀಸು, ರೈಲ್ವೆ, ಕಂದಾಯ ಇಲಾಖೆಗಳ ಪರೀಕ್ಷೆಗೆ ಓದುವ ತರುಣ ತರುಣಿಯರು ಗೋಡೆಯ ಮೂಲೆ ಹಿಡಿದು ಮೌನವಾಗಿ ಟಿಪ್ಪಣಿ ಬರೆದುಕೊಳ್ಳುತ್ತಾರೆ. ದಾವಣಗೆರೆಗೆ ಹೋಗಿ ಕೋಣೆ ಬಾಡಿಗೆಗೆ ಹಿಡಿದು ತರಬೇತಿ ಪಡೆಯುವಷ್ಟು ಅನುಕೂಲ ಇಲ್ಲದವರಿಗೆ ಈ ಬೆಂಚೇ ವಿದ್ಯಾಪೀಠ.

ಹೆಣ್ಣುಮಕ್ಕಳ ಮಾತನ್ನು ಪ್ರತ್ಯೇಕವಾಗಿಯೇ ಹೇಳಬೇಕು. ಎರಡು ಕೋಣೆಯ ಮನೆಯಲ್ಲಿ ಏಳು ಜನ, ಒಂದು ದೂರದರ್ಶನದ ಪೆಟ್ಟಿಗೆ, ಕೈಗೂಸು ಒಂದು. ಅಲ್ಲಿ ಹತ್ತನೆಯ ತರಗತಿಯ ಹುಡುಗಿ ಪುಸ್ತಕ ಬಿಡಿಸಿದರೆ ‘ಸ್ವಲ್ಪ ನೀರು ತಾ’ ಎಂಬ ಮಾತು ಬಂದೇ ಬರುತ್ತದೆ. ಹುಡುಗರಿಗೆ ಕಟ್ಟೆಯಿದೆ, ಬಯಲಿದೆ, ಚಹಾ ಅಂಗಡಿಯ ಮುಂದಿನ ಬೆಂಚಿದೆ. ಹುಡುಗಿಯು ಮನೆಯ ಹೊರಗೆ, ಯಾರ ಅನುಮಾನಕ್ಕೂ ಎಡೆಯಿಲ್ಲದೆ, ಎರಡು ಗಂಟೆ ಕುಳಿತಿರಬಹುದಾದ ಸ್ಥಳ ಊರಿನಲ್ಲಿ ಎಷ್ಟಿವೆ? ‘ಲೈಬ್ರರಿಗೆ ಹೋಗಿ ಬರ್ತೀನಿ’ ಎಂಬ ಒಂದು ವಾಕ್ಯ ಅವಳಿಗೆ ಬಾಗಿಲು ತೆರೆಯುತ್ತದೆ. ಅವಳ ಜೊತೆ ತಂಗಿಯೂ ಬರುತ್ತಾಳೆ. ತಂಗಿ ಚಿತ್ರಪುಸ್ತಕ ನೋಡುತ್ತಿರುವಷ್ಟು ಹೊತ್ತು ಅಕ್ಕನಿಗೆ ಬಿಡುವು. ಕಥೆಯ ಕಾರ್ಯಕ್ರಮ ಚಿಕ್ಕವರಿಗಾಗಿಯೇ ಎಂದು ಬಗೆದರೂ ಅದರ ಅರ್ಧ ಉಪಕಾರ ಆಗುವುದು ಈ ಅಕ್ಕಂದಿರಿಗೆ.

ಗದ್ದಲದ ದೂರು

ಎಲ್ಲರಿಗೂ ಇದು ಹಿಡಿಸಿತೆಂದಲ್ಲ. ‘ಇದು ಗ್ರಂಥಾಲಯವೋ ಜಾತ್ರೆಯೋ’ ಎಂದು ಪತ್ರಿಕೆ ಮಡಿಚಿಟ್ಟು ಎದ್ದು ಹೋಗುವ ಹಿರಿಯರುಂಟು. ಅವರ ದೂರನ್ನು ನಕ್ಕು ತಳ್ಳಿಹಾಕುವುದು ನ್ಯಾಯವಲ್ಲ. ಮೌನವಾಗಿ ಓದುವ ಹಕ್ಕು ಅವರಿಗೂ ಇದೆ. ಪರೀಕ್ಷೆಗೆ ಓದುವ ತರುಣರಿಗಂತೂ ಅದು ಅನ್ನದ ಪ್ರಶ್ನೆ. ಒಂದೇ ಕೋಣೆಯಲ್ಲಿ ಮಕ್ಕಳ ಕೇಕೆಯನ್ನೂ ಹಿರಿಯರ ಏಕಾಂತವನ್ನೂ ಹೊಂದಿಸುವುದು ಸುಲಭವಲ್ಲ. ಬೆಳಗು ಹಿರಿಯರಿಗೆ, ಸಂಜೆ ಮಕ್ಕಳಿಗೆ ಎಂದು ಹೊತ್ತನ್ನು ಹಂಚಿಕೊಂಡರೆ, ಕಥೆಯ ದಿನ ಚಾಪೆಯನ್ನು ಜಗಲಿಗೆ ಹಾಸಿದರೆ, ಬಹುಪಾಲು ತಕರಾರು ತೀರುತ್ತದೆ.

ಇನ್ನೊಂದು ದೂರು ಇದಕ್ಕಿಂತ ಗಂಭೀರವಾದದ್ದು. ಉಚಿತ ಕಾರ್ಯಕ್ರಮವೆಂದರೆ ಬ್ಯಾನರು, ಹಾರ, ಭಾಷಣ, ಛಾಯಾಚಿತ್ರ, ಮೇಲಿನವರಿಗೆ ವರದಿ ಎಂಬಲ್ಲಿಗೆ ಕೆಲವು ಕಡೆ ನಿಂತುಬಿಡುವ ಅಪಾಯವಿದೆ. ಮುಖ್ಯ ಅತಿಥಿಗಳು ತಡವಾಗಿ ಬಂದು ಓದಿನ ಮಹತ್ವವನ್ನು ಒಂದು ತಾಸು ವಿವರಿಸುವರು. ಆ ತಾಸಿನಲ್ಲಿ ಓದಬಹುದಾಗಿದ್ದ ಮಕ್ಕಳು ಬಿಸಿಲಿನಲ್ಲಿ ಸಾಲಾಗಿ ಕುಳಿತು ಆಕಳಿಸುವರು. ವರ್ಷಕ್ಕೊಮ್ಮೆ ಸಮಾರಂಭ ಮಾಡುವ ಗ್ರಂಥಾಲಯಕ್ಕಿಂತ ವಾರಕ್ಕೊಮ್ಮೆ ತಪ್ಪದೆ ಒಂದು ಕಥೆ ಓದುವ ಗ್ರಂಥಾಲಯ ಮೇಲು. ಶನಿವಾರ ನಾಲ್ಕೂವರೆಗೆ ಕಥೆ ಇದ್ದೇ ಇರುತ್ತದೆಂಬ ನಂಬಿಕೆ ಮಗುವಿಗೆ ಬಂದರೆ ಕರೆಯೋಲೆ ಬೇಕಿಲ್ಲ. ಮೂರು ಶನಿವಾರ ಬೀಗ ಕಂಡರೆ ನಾಲ್ಕನೆಯ ಶನಿವಾರ ಅದು ಬರುವುದೂ ಇಲ್ಲ.

ಆ ಬೀಗವನ್ನು ತೆರೆಯತಕ್ಕವರು ಒಬ್ಬರೇ. ಹಳ್ಳಿಯ ಗ್ರಂಥಾಲಯದಲ್ಲಿ ಅವರನ್ನು ಮೇಲ್ವಿಚಾರಕರೆಂದು ಕರೆಯುತ್ತಾರೆ. ವಿಚಾರಿಸಲು ಕೈಕೆಳಗೆ ಯಾರೂ ಇರುವುದಿಲ್ಲ. ಕಸ ಗುಡಿಸುವುದು, ಪತ್ರಿಕೆ ಜೋಡಿಸುವುದು, ಪುಸ್ತಕಕ್ಕೆ ನಂಬರು ಹಚ್ಚುವುದು, ಹರಿದ ಹಾಳೆಗೆ ಅಂಟು ಹಾಕುವುದು, ದಾಖಲೆ ಬರೆಯುವುದು, ಕಥೆ ಹೇಳುವುದು ಎಲ್ಲವೂ ಅವರ ಪಾಲಿನದೇ. ಬಹುಕಾಲ ಅವರಿಗೆ ದೊರೆತದ್ದು ಸಂಬಳವಲ್ಲ, ಅಲ್ಪ ಗೌರವಧನ. ಅದರಲ್ಲಿ ಗೌರವ ಎಷ್ಟಿತ್ತೋ, ಧನವಂತೂ ಸಂಸಾರ ನಡೆಸಲು ಸಾಲದು. ಕನಿಷ್ಠ ವೇತನಕ್ಕಾಗಿ ಅವರು ವರ್ಷಗಟ್ಟಲೆ ಮನವಿ ಸಲ್ಲಿಸಿದರು, ಧರಣಿ ಕುಳಿತರು. ಊರ ಮಕ್ಕಳಿಗೆ ಸಂಜೆ ಉಚಿತವಾಗಿ ದೊರೆತ ಕಥೆಯ ಬೆಲೆಯನ್ನು ಕಥೆ ಹೇಳಿದವರ ಮನೆಯ ಒಲೆ ತೆತ್ತಿತೆಂದರೆ ಉತ್ಪ್ರೇಕ್ಷೆಯಾಗಲಾರದು. ಚಾವಡಿಯ ವಾಚಕರಿಗೆ ಊರು ಒಂದು ಚೀಲ ಅಕ್ಕಿ ಕೊಡುತ್ತಿತ್ತು. ಆ ಅಕ್ಕಿಯ ಲೆಕ್ಕವನ್ನು ಈ ಕಾಲದಲ್ಲಿ ಯಾರು ಇಡಬೇಕೆಂಬುದೇ ಇಡೀ ವ್ಯವಹಾರದ ಗಂಟು.

ಗಡಿಯಾಚೆಯ ಕಾಸರಗೋಡಿನ ಕನ್ನಡಿಗರು ಬೇರೊಂದು ಪದ್ಧತಿಯನ್ನು ಹತ್ತಿರದಿಂದ ಬಲ್ಲರು. ಕೇರಳದಲ್ಲಿ ೧೯೪೫ರಲ್ಲಿ ಪಿ. ಎನ್. ಪಣಿಕ್ಕರರು ನಲವತ್ತೇಳು ಗ್ರಂಥಾಲಯಗಳನ್ನು ಕೂಡಿಸಿ ಸಂಘ ಕಟ್ಟಿದರು. ಅಲ್ಲಿನ ಗ್ರಾಮ ಗ್ರಂಥಾಲಯ ಹೆಚ್ಚಾಗಿ ಊರವರೇ ಕಟ್ಟಿಕೊಂಡ ಸಂಸ್ಥೆ. ಸದಸ್ಯರು ಆರಿಸಿದ ಸಮಿತಿ ನಡೆಸುತ್ತದೆ, ಸರ್ಕಾರದ ಅನುದಾನ ಬೆನ್ನಿಗಿರುತ್ತದೆ. ಮಕ್ಕಳಿಗೊಂದು, ಹೆಂಗಸರಿಗೊಂದು ವೇದಿಕೆ ಅಲ್ಲಿ ಸಾಮಾನ್ಯ. ಪಣಿಕ್ಕರರು ತೀರಿಕೊಂಡ ಜೂನ್ ೧೯ನ್ನು ವಾಚನ ದಿನವೆಂದು ಆಚರಿಸುತ್ತಾರೆ. ಅಲ್ಲಿ ಊರು ಮೊದಲು, ಸರ್ಕಾರ ಆಮೇಲೆ. ಕರ್ನಾಟಕದಲ್ಲಿ ಸರ್ಕಾರ ಮೊದಲು ಬಂತು. ಊರು ಬರಬೇಕಾದ ಸರದಿ ಈಗಿನದು. ಮಂಡ್ಯ ಜಿಲ್ಲೆಯ ಪಾಂಡವಪುರದ ಬಳಿ ಬಸ್ ಕಂಡಕ್ಟರ್ ಆಗಿದ್ದ ಅಂಕೇಗೌಡರು ತಮ್ಮ ಗಳಿಕೆಯನ್ನೆಲ್ಲ ಸುರಿದು ಲಕ್ಷಗಟ್ಟಲೆ ಪುಸ್ತಕಗಳ ಮನೆ ಕಟ್ಟಿ ಬಂದವರಿಗೆಲ್ಲ ತೆರೆದಿಟ್ಟದ್ದನ್ನು ನೋಡಿದರೆ ಕನ್ನಡಿಗರಿಗೆ ಆ ಹಂಬಲ ಕಡಿಮೆಯೆನ್ನಲಾಗದು.

ಮೈಸೂರಿನ ರಾಜೀವನಗರದಲ್ಲಿ ದಿನಗೂಲಿ ಮಾಡುವ ಶ್ರಮಿಕರೊಬ್ಬರು, ತಮಗೆ ಓದುವ ಅವಕಾಶ ದೊರೆಯಲಿಲ್ಲವೆಂಬ ಕೊರಗಿನಿಂದ, ಶೆಡ್ಡಿನಂಥ ಒಂದು ಪುಟ್ಟ ಜಾಗದಲ್ಲಿ ಸಾರ್ವಜನಿಕರಿಗೆಂದು ಉಚಿತ ಗ್ರಂಥಾಲಯ ನಡೆಸುತ್ತಿದ್ದರು. ೨೦೨೧ರ ಏಪ್ರಿಲಿನ ಒಂದು ಬೆಳಗಿನ ಜಾವ ಅದು ಬೆಂಕಿಗೆ ತುತ್ತಾಯಿತು. ಸುಮಾರು ಹನ್ನೊಂದು ಸಾವಿರ ಪುಸ್ತಕಗಳು ಸುಟ್ಟು ಬೂದಿಯಾದವು. ಸುದ್ದಿ ಹರಡುತ್ತಲೇ ಗುರುತು ಪರಿಚಯವಿಲ್ಲದವರೆಲ್ಲ ಹಣವನ್ನೂ ಪುಸ್ತಕಗಳನ್ನೂ ಕಳುಹಿಸತೊಡಗಿದರು. ಉರಿದುಹೋದ ಮೇಲೆ ಕೊಡುವ ಕೈಗಳು ಇಷ್ಟಿರುವ ನಾಡಿನಲ್ಲಿ, ಉರಿಯುವ ಮುನ್ನವೇ ಒಂದೆರಡು ಪುಸ್ತಕ ಕೊಡುವ ಕೈಗಳೂ ಇರಬೇಡವೆ? ದಾವಣಗೆರೆಯ ಮನೆಗಳ ಅಟ್ಟದ ಮೇಲೆ ಮಕ್ಕಳು ಓದಿ ಬಿಟ್ಟ ಚಿತ್ರಪುಸ್ತಕಗಳು ಹಳೆಯ ಪತ್ರಿಕೆಗಳೊಡನೆ ಕಿಲೋ ಲೆಕ್ಕದಲ್ಲಿ ತೂಗುವ ದಿನಕ್ಕಾಗಿ ಕಾದಿವೆ. ಭಾನುವಳ್ಳಿಯ ಹಾದಿ ಅಲ್ಲಿಂದ ಬಹು ದೂರದ್ದೇನಲ್ಲ.

ಸಂಜೆ ಆರೂವರೆಗೆ ಕೋಣೆಯ ದೀಪ ಆರುತ್ತದೆ. ಮಕ್ಕಳು ಚಪ್ಪಲಿಗಳನ್ನು ಹುಡುಕಿ, ಕೆಲವರು ಅದಲುಬದಲು ಮೆಟ್ಟಿಕೊಂಡು, ಒಂದೊಂದು ಪುಸ್ತಕ ಬಗಲಲ್ಲಿಟ್ಟು ಹೊರಡುತ್ತಾರೆ. ಆ ಪುಸ್ತಕದ ದಿನ ಅಲ್ಲಿಗೆ ಮುಗಿಯುವುದಿಲ್ಲ. ಮನೆಯಲ್ಲಿ ರೊಟ್ಟಿ ತಟ್ಟುತ್ತಿರುವ ಅಜ್ಜಿ ‘ಏನ್ ತಂದೀಯವ್ವ, ಓದು ಕೇಳೂಣು’ ಎನ್ನುತ್ತಾಳೆ. ಹುಡುಗಿ ಒಲೆಯ ಬೆಳಕಿಗೆ ಪುಟ ಹಿಡಿದು, ಸಂಜೆ ಕೇಳಿದ ನರಿಯ ಧ್ವನಿಯನ್ನು ತಾನೇ ತೆಗೆದು ಓದುತ್ತಾಳೆ. ವಾರದ ಮೇಲೆ ಪುಸ್ತಕ ಹಿಂದಕ್ಕೆ ಬಂದಾಗ ಅದರ ಅಂಚಿನಲ್ಲಿ ಜೋಳದ ಹಿಟ್ಟಿನ ಬೆರಳ ಗುರುತು ಇರುತ್ತದೆ. ಮೇಲ್ವಿಚಾರಕರು ಅದನ್ನು ಬಟ್ಟೆಯಿಂದ ಒರೆಸಿ, ಮುಂದಿನ ಹೆಸರನ್ನು ಬರೆದುಕೊಳ್ಳುತ್ತಾರೆ.